ಗಣಿಯ ತಳದಿಂದ ಮನೆಯಂಗಳಕ್ಕೆ ಬಂದ ಸಂಪು ಪಂಪು

ಸ್ವಿಚ್ ಹಾಕಿದ್ದೀರಿ. ಮೋಟಾರ್ ಗುಂಯ್ ಅನ್ನುತ್ತಿದೆ. ನಲ್ಲಿಯಲ್ಲಿ ಮಾತ್ರ ನೀರಿಲ್ಲ. ಪೈಪು ಮೇಲೆತ್ತಿ ನೋಡಿದರೆ ಫುಟ್‌ವಾಲ್ವಿನ ಜಾಲರಿಗೆ ಕೊಳೆತ ಎಲೆ, ಪ್ಲಾಸ್ಟಿಕ್ ಕವರಿನ ಚೂರು, ತೆಂಗಿನ ನಾರು ಸುತ್ತಿಕೊಂಡಿದೆ. ಕಿತ್ತು ತೊಳೆದು, ಮತ್ತೆ ಇಳಿಸಿ, ಒಂದು ಕೊಡ ನೀರು ಹುಯ್ದು ಸ್ವಿಚ್ ಹಾಕಿದರೆ ನೀರು ಬರುತ್ತದೆ. ಬಾವಿ ಅಥವಾ ಸಂಪು ಇರುವ ಯಾವ ಮನೆಗೂ ಇದು ಹೊಸದಲ್ಲ.

ಈ ತಾಪತ್ರಯ ನಮ್ಮ ಕಾಲಕ್ಕೆ ಶುರುವಾದದ್ದೂ ಅಲ್ಲ. ಇದಕ್ಕೆ ಕೆಲವು ನೂರು ವರ್ಷಗಳ ಇತಿಹಾಸ ಇದೆ. ಆ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಮ್ಮ ಕೋಲಾರದ ಚಿನ್ನದ ಗಣಿಯಲ್ಲೇ ನಡೆದಿದೆ.

ಸಂಪು ಅಂದರೆ ಏನು?

ನಮ್ಮಲ್ಲಿ ಸಂಪು ಅಂದರೆ ನೀರು ಕೂಡಿಡುವ ನೆಲದಡಿಯ ತೊಟ್ಟಿ. ಪಂಚಾಯಿತಿ ನಲ್ಲಿಯ ನೀರೋ ಬೋರ್‌ವೆಲ್ ನೀರೋ ಅದಕ್ಕೆ ಬೀಳುತ್ತದೆ, ಅಲ್ಲಿಂದ ಮೋಟಾರ್ ಮೇಲಿನ ಟ್ಯಾಂಕಿಗೆ ಏರಿಸುತ್ತದೆ. ಅಮೆರಿಕ, ಕೆನಡಾದಂಥ ದೇಶಗಳಲ್ಲಿ ಅರ್ಥ ಇದಕ್ಕೆ ತದ್ವಿರುದ್ಧ. ಅಲ್ಲಿ ಎಷ್ಟೋ ಮನೆಗಳಿಗೆ ನೆಲಮಾಳಿಗೆ ಇರುತ್ತದೆ. ಮಳೆ ಬಂದಾಗ, ಹಿಮ ಕರಗಿದಾಗ ಭೂಮಿಯೊಳಗಿನ ನೀರು ಗೋಡೆ, ನೆಲದಿಂದ ಒಸರುತ್ತದೆ. ಅದನ್ನು ಒಂದು ಮೂಲೆಯ ಗುಂಡಿಗೆ ಹರಿಸಿ ಪಂಪಿನಿಂದ ಹೊರಗೆ ಚೆಲ್ಲುತ್ತಾರೆ. ಆ ಗುಂಡಿಯೇ ಅವರ ಸಂಪು. ನಮ್ಮ ಸಂಪು ನೀರು ಉಳಿಸಲು, ಅವರದು ನೀರು ಓಡಿಸಲು.

ಪದದ ಹಳೆಯ ಅರ್ಥ ಎರಡನೆಯದಕ್ಕೆ ಹತ್ತಿರ. ಜರ್ಮನ್ ಬಳಗದ ಭಾಷೆಗಳಲ್ಲಿ ಇದರ ಮೂಲ ಅರ್ಥ ಜೌಗು, ಕೆಸರು ನೆಲ. ಗಣಿ ಕೆಲಸದವರು ಇದನ್ನು ಗಣಿ ಬಾವಿಯ ತಳದ ಗುಂಡಿಗೆ ಬಳಸಿದರು. ಗಣಿಯೊಳಗೆ ಒಸರುವ ನೀರೆಲ್ಲ ಹರಿದು ಬಂದು ನಿಲ್ಲುವುದು ಅಲ್ಲೇ. ಆ ನೀರನ್ನು ಎತ್ತದಿದ್ದರೆ ಮರುದಿನ ಕೆಲಸಕ್ಕೆ ಇಳಿಯುವಂತಿಲ್ಲ.

ಮೂವತ್ನಾಲ್ಕು ಅಡಿಯ ಗೋಡೆ

ನಮ್ಮ ಹಿರಿಯರು ಏತದಿಂದ, ಕಪಿಲೆಯಿಂದ ಬಾವಿಯ ನೀರು ಎತ್ತಿದರು. ಯುರೋಪಿನ ಗಣಿಗಳಲ್ಲೂ ಮೊದಲು ಚರ್ಮದ ಚೀಲ, ಕುದುರೆ ತಿರುಗಿಸುವ ಗಾಲಿ ಇದ್ದವು. ಆಮೇಲೆ ಚಿಂದಿ ಬಟ್ಟೆಯ ಉಂಡೆಗಳನ್ನು ಸರಪಳಿಗೆ ಕಟ್ಟಿ ಕೊಳವೆಯೊಳಗೆ ಎಳೆಯುವ ಪಂಪು ಬಂತು. ಜರ್ಮನಿಯ ಅಗ್ರಿಕೋಲ 1556ರಲ್ಲಿ ಅಚ್ಚಾದ ಗಣಿಗಾರಿಕೆಯ ಪುಸ್ತಕದಲ್ಲಿ ಇವುಗಳ ಚಿತ್ರ ಸಮೇತ ವಿವರ ಕೊಟ್ಟಿದ್ದಾನೆ.

ಬಾಯಿಂದ ಸ್ಟ್ರಾದಲ್ಲಿ ಹೀರುವ ಹಾಗೆ ನೀರು ಹೀರುವ ಪಂಪುಗಳೂ ಇದ್ದವು. ಅವಕ್ಕೆ ಒಂದು ವಿಚಿತ್ರ ಮಿತಿ ಇತ್ತು. ಪಂಪು ಎಷ್ಟೇ ಒಳ್ಳೆಯದಿರಲಿ, ಸುಮಾರು 34 ಅಡಿಗಿಂತ ಮೇಲಕ್ಕೆ ನೀರು ಏರುತ್ತಿರಲಿಲ್ಲ. ಇಟಲಿಯ ಗೆಲಿಲಿಯೊ 1638ರಲ್ಲಿ ಅಚ್ಚಾದ ಪುಸ್ತಕದಲ್ಲಿ ಇದನ್ನು ಬರೆದ. ಕಾರಣ ಬಿಡಿಸಿ ಹೇಳಿದ್ದು ಅವನ ಬಳಿ ಇದ್ದ ಟೊರಿಸೆಲ್ಲಿ. ಪಂಪು ನೀರನ್ನು ಎಳೆಯುವುದೇ ಇಲ್ಲ. ಅದು ಪೈಪಿನೊಳಗಿನ ಗಾಳಿಯನ್ನು ತೆಗೆಯುತ್ತದೆ ಅಷ್ಟೆ. ಹೊರಗಿನ ಗಾಳಿಯ ಭಾರ ನೀರನ್ನು ಒಳಗೆ ತಳ್ಳುತ್ತದೆ. ಆ ಭಾರ ತಳ್ಳಬಲ್ಲದ್ದು ಸುಮಾರು 34 ಅಡಿ, ಅಂದರೆ ಹತ್ತು ಮೀಟರಿಗೆ ತುಸು ಹೆಚ್ಚು.

ಬಾವಿ ಆಳ ಇದ್ದರೆ ಮೋಟಾರನ್ನು ದಡದಲ್ಲಿ ಇಡದೆ ಬಾವಿಯೊಳಗೆ ಮೆಟ್ಟಿಲು ಮಾಡಿ ಕೆಳಗೆ ಕೂರಿಸುವುದು ಇದೇ ಕಾರಣಕ್ಕೆ. ವ್ಯವಹಾರದಲ್ಲಿ ಇಪ್ಪತ್ತೈದು ಅಡಿ ಹೀರಿದರೆ ಹೆಚ್ಚು. ಪೈಪಿನಲ್ಲಿ ಸೂಜಿಯಷ್ಟು ತೂತು ಇದ್ದರೂ ಗಾಳಿ ಒಳನುಗ್ಗಿ ಅದೂ ಆಗುವುದಿಲ್ಲ. ಮೋಟಾರ್ ಸದ್ದು ಮಾಡಿಯೂ ನೀರು ಬರದಿದ್ದರೆ ಮೆಕ್ಯಾನಿಕ್ ಮೊದಲು ಪೈಪಿನ ಜಾಯಿಂಟುಗಳನ್ನು ಮುಟ್ಟಿ ನೋಡುವುದು ಅದಕ್ಕೇ.

ಗಣಿಗಾಗಿ ಹುಟ್ಟಿದ ಇಂಜಿನ್

ಶಾಲೆಯಲ್ಲಿ ಹಬೆ ಇಂಜಿನ್ ಅಂದರೆ ಜೇಮ್ಸ್ ವ್ಯಾಟ್ ಮತ್ತು ರೈಲು ಎಂದು ಓದಿದ್ದೇವೆ. ಆದರೆ ಕೆಲಸಕ್ಕೆ ಬಂದ ಮೊದಲ ಹಬೆ ಇಂಜಿನ್ ಬಂಡಿ ಎಳೆಯಲಿಲ್ಲ, ಗಣಿಯ ನೀರು ಎತ್ತಿತು. ಇಂಗ್ಲೆಂಡಿನ ಥಾಮಸ್ ನ್ಯೂಕೊಮೆನ್ 1712ರಲ್ಲಿ ಡಡ್ಲಿ ಎಂಬ ಊರಿನ ಹತ್ತಿರ ಒಂದು ಕಲ್ಲಿದ್ದಲು ಗಣಿಯಲ್ಲಿ ಅದನ್ನು ನಿಲ್ಲಿಸಿದ. ನಿಮಿಷಕ್ಕೆ ಹನ್ನೆರಡು ಸಲ ಏರಿಳಿದು, ಪ್ರತಿ ಸಲ ಸುಮಾರು 45 ಲೀಟರ್ ನೀರನ್ನು 150 ಅಡಿ ಆಳದಿಂದ ಎತ್ತುತ್ತಿತ್ತು. ಇಂದು ಒಂದು ಸಾಧಾರಣ ತೋಟದ ಮೋಟಾರ್ ಮಾಡುವ ಕೆಲಸ. ಅವತ್ತಿಗೆ ಅದು ಮನೆಯಷ್ಟು ಎತ್ತರದ ಯಂತ್ರ. ವ್ಯಾಟ್ ಆಮೇಲೆ ಇದನ್ನೇ ತಿದ್ದಿ ಸೌದೆ-ಕಲ್ಲಿದ್ದಲಿನ ಖರ್ಚು ತಗ್ಗಿಸಿದ.

ಇಂಗ್ಲೆಂಡಿನ ನೈರುತ್ಯ ಮೂಲೆಯ ಕಾರ್ನ್‌ವಾಲ್ ಸೀಮೆಯಲ್ಲಿ ತಾಮ್ರ, ತವರದ ಗಣಿಗಳು ಬಹಳ. ಅಲ್ಲಿನವರು ಈ ವಿದ್ಯೆಯಲ್ಲಿ ಪಳಗಿದರು. ನೆಲದ ಮೇಲೆ ಇಂಜಿನ್. ಅಲ್ಲಿಂದ ಗಣಿ ಬಾವಿಯ ಉದ್ದಕ್ಕೂ ಇಳಿದ ಮರದ ತೊಲೆ. ತೊಲೆಗೆ ಅಲ್ಲಲ್ಲಿ ಪಂಪು. ಕೆಳಗಿನ ಪಂಪು ಸಂಪಿನ ನೀರನ್ನು ಮೇಲಿನ ತೊಟ್ಟಿಗೆ, ಅಲ್ಲಿಂದ ಇನ್ನೊಂದು ಪಂಪು ಅದರ ಮೇಲಿನ ತೊಟ್ಟಿಗೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನೀರು ಏರಿ ಬರುತ್ತಿತ್ತು.

ಎಲ್ಲಕ್ಕಿಂತ ಕೆಳಗಿನ ಕೊಳವೆಯ ತುದಿಯಲ್ಲಿ ತೂತುಗಳಿರುವ ಒಂದು ಕಬ್ಬಿಣದ ತುಂಡು. ಕಲ್ಲು, ಮರದ ಚಕ್ಕೆ ಒಳಗೆ ಹೋಗದಂತೆ ತಡೆಯುವುದು ಅದರ ಕೆಲಸ. ನಮ್ಮ ಫುಟ್‌ವಾಲ್ವಿನ ಜಾಲರಿಯ ಅಜ್ಜ ಅನ್ನಿ. ಗಣಿಯವರು ಅದಕ್ಕೆ ಇಟ್ಟ ಹೆಸರು ಗೊರಕೆ ತುಂಡು. ಸಂಪಿನ ನೀರು ತೂತುಗಳಿಗಿಂತ ಕೆಳಗಿಳಿದರೆ ಪಂಪು ಅರ್ಧ ನೀರು ಅರ್ಧ ಗಾಳಿ ಹೀರಿ ಗೊರ್ ಗೊರ್ ಎನ್ನುತ್ತಿತ್ತು. ಆ ಗೊರಕೆ ಕೇಳಿದರೆ ತಳದ ನೀರು ಖಾಲಿ ಎಂದು ಲೆಕ್ಕ. ನಮ್ಮ ಸಂಪು ಖಾಲಿಯಾದಾಗಲೂ ಕೇಳುವುದು ಅದೇ ಸದ್ದು.

ಕೋಲಾರಕ್ಕೆ ಬಂದ ವಿದ್ಯೆ

ಹತ್ತೊಂಬತ್ತನೇ ಶತಮಾನದ ಕೊನೆಗೆ ಕಾರ್ನ್‌ವಾಲಿನ ತಾಮ್ರದ ಗಣಿಗಳು ಸೊರಗಿದವು. ಕೆಲಸ ಬಲ್ಲವರು ಗಂಟುಮೂಟೆ ಕಟ್ಟಿ ದೇಶದೇಶಕ್ಕೆ ಹೊರಟರು. ಅವರಲ್ಲಿ ಕೆಲವರು ಬಂದದ್ದು ಕೋಲಾರಕ್ಕೆ.

ಅಲ್ಲಿ ಚಿನ್ನ ಇರುವುದು ನಮ್ಮವರಿಗೆ ಹಿಂದಿನಿಂದಲೂ ಗೊತ್ತಿತ್ತು. 1802ರಲ್ಲಿ ಜಾನ್ ವಾರೆನ್ ಎಂಬ ಬ್ರಿಟಿಷ್ ಅಧಿಕಾರಿ ಸರ್ವೆಗೆ ಬಂದಾಗ ಹಳ್ಳಿಯವರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡಿದ್ದ. ಎಂ. ಎಫ್. ಲ್ಯಾವೆಲ್ ಎಂಬ ನಿವೃತ್ತ ಸೈನಿಕ 1875ರಲ್ಲಿ ಮೈಸೂರು ಸರ್ಕಾರದಿಂದ ಲೈಸೆನ್ಸ್ ಪಡೆದ. 1880ರ ಸುಮಾರಿಗೆ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೈಹಾಕಿತು. ಕಾರ್ನ್‌ವಾಲ್, ಡೆವನ್ ಸೀಮೆಯ ಗಣಿಗಳನ್ನು ದಶಕಗಳ ಕಾಲ ನಡೆಸಿದ್ದ ಕಂಪನಿ ಅದು.

ಮೊದಲು ಸೌದೆ, ಕಲ್ಲಿದ್ದಲು ಉರಿಸಿ ಹಬೆಯಿಂದಲೇ ಯಂತ್ರ ನಡೆಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ವಿದ್ಯುತ್ ಕೇಂದ್ರ 1902ರಲ್ಲಿ ಶುರುವಾಯಿತು. ಸುಮಾರು 147 ಕಿಲೋಮೀಟರ್ ಲೈನ್ ಎಳೆದು ಕರೆಂಟು ಕೊಟ್ಟದ್ದು ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ.

ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗಿಂತ ಆಳ ಹೋಯಿತು. ಚಿನ್ನ ಎಂದರೆ ನಮಗೆ ನೆನಪಾಗುವುದು ಸುತ್ತಿಗೆ ಹಿಡಿದ ಕಾರ್ಮಿಕ. ಅವನು ಕೆಳಗೆ ಇಳಿಯಬೇಕಾದರೆ ಇನ್ಯಾರೋ ಪಂಪು ಕಾಯುತ್ತಿರಬೇಕಿತ್ತು. ಸಂಪಿನ ಕೆಸರು ಎತ್ತುವವನು, ಜಾಲರಿ ತೊಳೆಯುವವನು, ವಾಲ್ವಿನ ಚರ್ಮ ಬದಲಿಸುವವನು. ಇವರ ಕೆಲಸ ಒಂದು ಔನ್ಸ್ ಚಿನ್ನವನ್ನೂ ಕೊಡುವುದಿಲ್ಲ. ಆದರೆ ಇವರು ಕೈಬಿಟ್ಟರೆ ಉಳಿದ ಯಾರ ಕೆಲಸವೂ ನಡೆಯುವುದಿಲ್ಲ.

ಪಂಪು ನಿಂತ ದಿನ

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ, ಆಮೇಲೆ ಕೇಂದ್ರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಅದಿರಿನಲ್ಲಿ ಚಿನ್ನದ ಪಾಲು ಕುಸಿಯಿತು, ಖರ್ಚು ಏರಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಾವಿರಾರು ಮನೆಗಳ ಅನ್ನದ ದಾರಿ ಅವತ್ತು ನಿಂತಿತು. ಅದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಇನ್ನೂ ಬರೆಯಬೇಕು.

ಇನ್ನೊಂದು ಸಂಗತಿ ಸದ್ದಿಲ್ಲದೆ ನಡೆಯಿತು. ಪಂಪುಗಳು ನಿಂತವು. ನೂರಿಪ್ಪತ್ತು ವರ್ಷ ಹಗಲು ರಾತ್ರಿ ಎತ್ತಿ ಚೆಲ್ಲಿದ ನೀರು ಸುರಂಗಗಳಿಗೆ ಮರಳಿ ಬಂತು. ಈಗ ಆ ಗಣಿಗಳಲ್ಲಿ ನೀರು ತುಂಬಿದೆ. ಮತ್ತೆ ತೆರೆಯುತ್ತೇವೆ ಎಂದು ಯಾರೇ ಹೇಳಿದರೂ ಮೊದಲ ಕೆಲಸ ಚಿನ್ನ ತೆಗೆಯುವುದಲ್ಲ, ನೀರು ತೆಗೆಯುವುದು.

ನೀರು ತುಂಬಿದ ಹಳೆಯ ಗಣಿ ಪಕ್ಕದಲ್ಲಿ ಕೆಲಸ ಮಾಡುವವರಿಗೂ ಅಪಾಯ. ಈಗ ಜಾರ್ಖಂಡಿನಲ್ಲಿರುವ ಧನಬಾದ್ ಬಳಿಯ ಚಸ್ನಾಲಾ ಕಲ್ಲಿದ್ದಲು ಗಣಿಯಲ್ಲಿ 1975ರ ಡಿಸೆಂಬರ್ 27ರಂದು, ಕೈಬಿಟ್ಟಿದ್ದ ಹಳೆಯ ಸುರಂಗದ ನೀರು ಒಡೆದು ಒಳನುಗ್ಗಿತು. 370ಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಆಮೇಲೆ ವಾರಗಟ್ಟಲೆ ಪಂಪು ಮಾಡಬೇಕಾಯಿತು.

ಪಂಪು ಮನೆಗೆ ಬಂತು

ಮನೆಯ ಮೋಟಾರ್ ಹುಟ್ಟಿದ್ದು ಬೇರೆ ದಾರಿಯಲ್ಲಿ. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಜಾನ್ ಆಪ್ಪಲ್ಡ್ ಎಂಬಾತ ಬಾಗಿದ ಎಲೆಗಳ ಚಕ್ರ ಗಿರ್ರನೆ ತಿರುಗಿ ನೀರನ್ನು ಹೊರಗೆ ಎಸೆಯುವ ಪಂಪು ತೋರಿಸಿದ. ನಮ್ಮ ಮೋಟಾರಿನೊಳಗಿನ ಇಂಪೆಲ್ಲರ್ ಅದೇ ಜಾತಿ. ಕರೆಂಟು ಬಂದ ಮೇಲೆ ಇದು ಹಳ್ಳಿಹಳ್ಳಿಗೆ ಹರಡಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಟ್ಟಿದ ಕಾರ್ಖಾನೆಯ ಹೆಸರು ಇವತ್ತಿಗೂ ಎಷ್ಟೋ ಪಂಪ್‌ಸೆಟ್‌ಗಳ ಮೇಲಿದೆ. ನೀರಿನಲ್ಲಿ ಮುಳುಗಿಯೇ ಓಡುವ ಸಬ್‌ಮರ್ಸಿಬಲ್ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಅದಕ್ಕೆ 34 ಅಡಿಯ ಗೋಡೆ ಇಲ್ಲ, ಏಕೆಂದರೆ ಅದು ಹೀರುವುದಿಲ್ಲ, ಕೆಳಗಿನಿಂದ ತಳ್ಳುತ್ತದೆ.

ಯಂತ್ರ ಇಷ್ಟು ಬದಲಾದರೂ ಅದು ಕೆಡುವ ಬಗೆ ಬದಲಾಗಿಲ್ಲ. ಗಣಿಯವರು ಏನು ಕಾಯುತ್ತಿದ್ದರೋ ನಾವೂ ಅದನ್ನೇ ಕಾಯಬೇಕು.

ಮೊದಲನೆಯದು, ಬಾಯಿ. ಜಾಲರಿ ಕಟ್ಟಿದರೆ ಪಂಪು ಉಸಿರುಗಟ್ಟುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ತೊಳೆಯಿರಿ. ತಳದ ಕೆಸರು ತೆಗೆಸಿ. ನೀರು ಹೊರಹಾಕುವ ಗುಂಡಿಯಲ್ಲಿ ಪಂಪನ್ನು ಕೆಸರಿನ ಮೇಲೆ ಕೂರಿಸದೆ ಎರಡು ಇಟ್ಟಿಗೆ ಮೇಲೆ ಕೂರಿಸಿ. ಸಂಪಿನ ಮುಚ್ಚಳದ ಸುತ್ತ ಕಟ್ಟೆ ಎತ್ತರ ಇಲ್ಲದಿದ್ದರೆ ಅಂಗಳದ ಮಳೆನೀರು ಕಸದ ಸಮೇತ ಒಳಗಿಳಿಯುತ್ತದೆ.

ಎರಡನೆಯದು, ವಾಲ್ವು. ಏರಿದ ನೀರು ಹಿಂದಕ್ಕೆ ಬೀಳದಂತೆ ಹಿಡಿಯುವುದು ಇದೇ. ದಿನಾ ನೀರು ಹುಯ್ದೇ ಮೋಟಾರ್ ಹಾಕಬೇಕಾಗಿದೆ ಎಂದರೆ ಫುಟ್‌ವಾಲ್ವಿನ ವಾಷರ್ ಸವೆದಿರಬಹುದು, ಇಲ್ಲವೇ ನಡುವೆ ಕಲ್ಲಿನ ಚೂರು ಸಿಕ್ಕಿರಬಹುದು.

ಮೂರನೆಯದು, ಕಾವಲು. ಗಣಿಯಲ್ಲಿ ಮನುಷ್ಯ ಕಾಯುತ್ತಿದ್ದ. ಮನೆಯಲ್ಲಿ ಫ್ಲೋಟ್ ಸ್ವಿಚ್ ಎಂಬ ತೇಲುವ ಗುಂಡು ಕಾಯುತ್ತದೆ. ನೀರು ಏರಿದರೆ ಮೋಟಾರ್ ಹಚ್ಚುತ್ತದೆ, ಇಳಿದರೆ ಆರಿಸುತ್ತದೆ. ಅದು ವೈರಿಗೋ ಪೈಪಿಗೋ ಸಿಕ್ಕಿಕೊಂಡರೆ ಮೋಟಾರ್ ಶುರುವಾಗುವುದೇ ಇಲ್ಲ, ಅಥವಾ ನೀರಿಲ್ಲದೆ ಓಡಿ ಸೀಲ್ ಸುಟ್ಟುಕೊಳ್ಳುತ್ತದೆ. ಗುಂಡಿಗೆ ನಾಲ್ಕು ಬಕೆಟ್ ನೀರು ಹುಯ್ದು, ತಾನೇ ಹತ್ತಿ ತಾನೇ ಆರುತ್ತದೆಯೇ ಎಂದು ನೋಡಿದರೆ ಸಾಕು. ಜೋರು ಮಳೆಯ ರಾತ್ರಿಯೇ ಕರೆಂಟು ಹೋಗುವುದು. ಆಗಿನ ದಾರಿಯನ್ನೂ ಮೊದಲೇ ಯೋಚಿಸಿಡಿ.

ಇವೆಲ್ಲಕ್ಕಿಂತ ಮುಖ್ಯ ಜೀವ. 2025ರ ಮೇ ತಿಂಗಳ ಮಳೆಯಲ್ಲಿ ಬೆಂಗಳೂರಿನ ಬಿಟಿಎಂ ಲೇಔಟ್ ಭಾಗದ ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಗೆ ನೀರು ನುಗ್ಗಿತ್ತು. ಮೋಟಾರ್ ಹಚ್ಚಿ ಅದನ್ನು ಹೊರಹಾಕುವಾಗ ಕರೆಂಟು ಹೊಡೆದು ಒಬ್ಬ ಹಿರಿಯರು, ಒಬ್ಬ ಹುಡುಗ ಸತ್ತರು. ನಿಂತ ನೀರಿಗೆ ಕಾಲಿಡುವ ಮುನ್ನ ಮೇನ್ ಆಫ್ ಮಾಡಿ. ಮೋಟಾರಿಗೆ ಅರ್ತಿಂಗ್ ಇರಲಿ, ಸೋರುವ ಕರೆಂಟು ಕಡಿಯುವ ಆರ್‌ಸಿಸಿಬಿ ಇರಲಿ. ಟೇಪು ಸುತ್ತಿದ ವೈರು ನೀರಿಗೆ ಇಳಿಯಬಾರದು. ಬಹಳ ದಿನ ಮುಚ್ಚಿದ ಸಂಪಿಗೂ ಗುಂಡಿಗೂ ಒಬ್ಬರೇ ಇಳಿಯಬೇಡಿ. ಮುಚ್ಚಳ ತೆಗೆದು ಗಾಳಿಯಾಡಲು ಬಿಡಿ, ಮೇಲೆ ಒಬ್ಬರು ನಿಂತಿರಲಿ. ಅಷ್ಟಾದರೂ ಒಳಗಿನ ಗಾಳಿ ಕೆಟ್ಟಿರಬಹುದು ಅನ್ನಿಸಿದರೆ ಇಳಿಯಲೇಬೇಡಿ. ಒಳಗೆ ಬಿದ್ದವರನ್ನು ಎತ್ತಲು ಹಿಂದೆಯೇ ಧುಮುಕಿದವರೂ ಸತ್ತ ಸುದ್ದಿಗಳನ್ನು ಪ್ರತಿ ವರ್ಷ ಓದುತ್ತಲೇ ಇದ್ದೇವೆ.

ಕೋಲಾರದ ಗಣಿ ಬಾವಿಗಳ ಮೇಲಿನ ಕಬ್ಬಿಣದ ಗೋಪುರಗಳನ್ನು ನೋಡಲು ಈಗಲೂ ಜನ ಹೋಗುತ್ತಾರೆ. ಚಿನ್ನ ಎಷ್ಟು ಟನ್ ಬಂತು ಎಂದು ಕೇಳುತ್ತಾರೆ. ನೀರು ಎಷ್ಟು ಎತ್ತಿದರು ಎಂದು ಕೇಳುವವರು ಕಡಿಮೆ. ಮುಂಗಾರು ಹತ್ತಿರ ಬರುತ್ತಿದೆ. ಈ ಭಾನುವಾರ ಒಂದು ಗಂಟೆ ಬಿಡುವು ಮಾಡಿಕೊಂಡು, ಮೇನ್ ಆಫ್ ಮಾಡಿ, ನಿಮ್ಮ ಮನೆಯ ಜಾಲರಿ ಮೇಲೆತ್ತಿ ನೋಡಿ.