ದನಕರುಗಳ ಪಟ, ಹೆಸರಿನ ಸಮೇತ



ನಿಮ್ಮ ಮನೆಯ ಟ್ರಂಕಿನಲ್ಲೋ ಗೋಡೆಯ ಮೇಲೋ ಇರುವ ಹಳೆಯ ಫೋಟೋಗಳನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಅಜ್ಜ ಕುರ್ಚಿಯಲ್ಲಿ ಕುಳಿತಿರುತ್ತಾರೆ, ಅಜ್ಜಿ ಪಕ್ಕದಲ್ಲಿ ನಿಂತಿರುತ್ತಾರೆ, ಮಕ್ಕಳು ಕಣ್ಣು ಪಿಳುಕಿಸದೆ ನೋಡುತ್ತಿರುತ್ತಾರೆ. ಆದರೆ ಆ ಸಂಸಾರಕ್ಕೆ ಅನ್ನ ಕೊಟ್ಟ ಎತ್ತುಗಳೆಲ್ಲಿ? ಹಾಲು ಕೊಟ್ಟ ಎಮ್ಮೆ, ಬಾಗಿಲು ಕಾದ ನಾಯಿ ಎಲ್ಲಿ? ಹೆಚ್ಚಿನ ಮನೆಗಳಲ್ಲಿ ಅವುಗಳ ಪಟವೇ ಇಲ್ಲ. ಎಲ್ಲೋ ಒಂದು ಇದ್ದರೂ ಅದರ ಹಿಂದೆ ಹೆಸರು ಬರೆದಿರುವುದಿಲ್ಲ. ಹೀಗೇಕಾಯಿತು ಎಂಬುದಕ್ಕೆ ಒಂದು ಚರಿತ್ರೆಯೇ ಇದೆ. ಇಂದು ಅದನ್ನು ಸ್ವಲ್ಪ ನೋಡೋಣ.

ಕ್ಯಾಮೆರಾ ಹುಟ್ಟುವುದಕ್ಕೆ ಬಹಳ ಮೊದಲೇ ಕನ್ನಡಿಗರು ಒಂದು ನಾಯಿಯ ಚಿತ್ರವನ್ನು ಹೆಸರಿನ ಸಮೇತ ಉಳಿಸಿದ್ದರು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಶಕವರ್ಷ 872ರ, ಅಂದರೆ ಕ್ರಿ.ಶ. 949-50ರ ಕಲ್ಲು ಅದು. ಗಂಗರ ಬೂತುಗ ತನ್ನ ವೀರ ಮಣಲೆರನಿಗೆ ಕಾಳಿ ಎಂಬ ಬೇಟೆನಾಯಿಯನ್ನು ಕೊಟ್ಟಿದ್ದ. ಕಾಳಿ ದೊಡ್ಡ ಕಾಡುಹಂದಿಯೊಂದರ ಮೇಲೆ ಬಿತ್ತು. ನಾಯಿಯೂ ಸತ್ತಿತು, ಹಂದಿಯೂ ಸತ್ತಿತು. ಮಣಲೆರ ಅದಕ್ಕೆ ಕಲ್ಲು ನಿಲ್ಲಿಸಿ, ಕಾಳಗದ ಚಿತ್ರ ಕೆತ್ತಿಸಿ, ಆ ಕಲ್ಲಿನ ಪೂಜೆ ನಡೆಯಲೆಂದು ಭೂಮಿಯನ್ನೂ ಬಿಟ್ಟ. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರಕ್ಕೂ ಮಿಕ್ಕಿ ವರ್ಷ ಕಳೆದರೂ ಕಾಳಿಯ ರೂಪವೂ ಉಳಿದಿದೆ, ಹೆಸರೂ ಉಳಿದಿದೆ.

ಇನ್ನು ಕ್ಯಾಮೆರಾದ ಮಾತಿಗೆ ಬರೋಣ. ಫ್ರಾನ್ಸಿನ ಡಾಗೇರ್ ತನ್ನ ಛಾಯಾಚಿತ್ರ ವಿಧಾನವನ್ನು ಲೋಕಕ್ಕೆ ತಿಳಿಸಿದ್ದು 1839ರಲ್ಲಿ. ಅದರ ಹಿಂದಿನ ವರ್ಷ ಆತ ಪ್ಯಾರಿಸಿನ ಒಂದು ಬೀದಿಯ ಚಿತ್ರ ತೆಗೆದಿದ್ದ. ಅದು ಕುದುರೆಗಾಡಿಗಳು ಓಡಾಡುವ ಬೀದಿ. ಆದರೆ ಚಿತ್ರದಲ್ಲಿ ಕುದುರೆಯೂ ಇಲ್ಲ, ಗಾಡಿಯೂ ಇಲ್ಲ! ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ಒಂದೇ ಕಡೆ ನಿಂತಿದ್ದ ಮನುಷ್ಯನೊಬ್ಬ ಮಾತ್ರ ಎದ್ದು ಕಾಣುತ್ತಾನೆ. ಕಾರಣ ಸರಳ. ಚಿತ್ರ ಮೂಡಲು ಆಗ ಕೆಲವು ನಿಮಿಷಗಳೇ ಬೇಕಿತ್ತು. ಅಷ್ಟು ಹೊತ್ತು ನಿಂತಿದ್ದವರು ಉಳಿದರು, ಸರಿದು ಹೋದವರು ಅಳಿಸಿ ಹೋದರು.

ಮನುಷ್ಯರಿಗಾದರೆ ಅಲುಗಾಡಬೇಡಿ ಎನ್ನಬಹುದು. ತಲೆಯ ಹಿಂದೆ ಕಬ್ಬಿಣದ ಆನಿಕೆ ಕೊಟ್ಟು ಕೂರಿಸುವ ಪದ್ಧತಿಯೂ ಇತ್ತು. ಕರುವಿಗೆ ಯಾರು ಹೇಳಬೇಕು? ಬಾಲ ಬೀಸಿದರೆ ಬಾಲ ಮಾಯ, ತಲೆ ತಿರುಗಿಸಿದರೆ ಮುಖವೇ ಮಸುಕು. ಹೀಗಾಗಿ ಮಲಗಿದ ನಾಯಿಯ, ಸತ್ತ ಪ್ರಾಣಿಯ ಚಿತ್ರ ಸುಲಭವಾಗಿತ್ತು. ಓಡಾಡುವ ಪ್ರಾಣಿಯ ಚಿತ್ರ ಕಷ್ಟವಾಗಿತ್ತು.

1851ರಲ್ಲಿ ಗಾಜಿನ ಫಲಕಕ್ಕೆ ರಾಸಾಯನಿಕ ಹಚ್ಚಿ, ಹಸಿ ಇರುವಾಗಲೇ ಚಿತ್ರ ತೆಗೆಯುವ ವಿಧಾನ ಬಂತು. ನಿಮಿಷಗಳ ಕೆಲಸ ಸೆಕೆಂಡುಗಳಿಗೆ ಇಳಿಯಿತು. 1854ರಲ್ಲಿ ಮುಂಬಯಿಯಲ್ಲಿ, 1856ರಲ್ಲಿ ಮದರಾಸಿನಲ್ಲಿ ಛಾಯಾಚಿತ್ರಗಾರರ ಸಂಘಗಳು ಹುಟ್ಟಿದವು. ಆದರೆ ಕ್ಯಾಮೆರಾದ ಖರ್ಚು ಹೊರುವವರು ದೊರೆಗಳು, ದೊಡ್ಡ ಅಧಿಕಾರಿಗಳು. ತೆಲಂಗಾಣದ ಕಡೆಯ ಕೇಳುಗರಿಗೆ ಹೈದರಾಬಾದ್ ನಿಜಾಮರ ಛಾಯಾಚಿತ್ರಗಾರ ಲಾಲಾ ದೀನ್ ದಯಾಳರ ಹೆಸರು ಗೊತ್ತಿದ್ದೀತು. ವೈಸರಾಯ್ ಕರ್ಜನ್ ದಂಪತಿ 1902ರಲ್ಲಿ ನಿಜಾಮರ ಸೀಮೆಯಲ್ಲಿ ಬೇಟೆಯಾಡಿ, ಸತ್ತ ಹುಲಿಯ ಜೊತೆ ತೆಗೆಸಿಕೊಂಡ ಚಿತ್ರ ಇಂದಿಗೂ ಪ್ರಸಿದ್ಧ. ಸತ್ತ ಹುಲಿಗೆ ಪಟದಲ್ಲಿ ಜಾಗ ಸಿಕ್ಕಿತು. ಬದುಕಿ ದುಡಿಯುತ್ತಿದ್ದ ಎತ್ತು ಅಂಥ ಪಟಗಳಿಂದ ದೂರವೇ ಉಳಿಯಿತು.

ಓಡುವ ಪ್ರಾಣಿಯನ್ನು ಹಿಡಿದು ನಿಲ್ಲಿಸಿದ್ದು 1878ರ ಜೂನ್ ತಿಂಗಳಲ್ಲಿ, ಅಮೆರಿಕದ ಪಾಲೋ ಆಲ್ಟೊದಲ್ಲಿ. ಎಡ್ವರ್ಡ್ ಮೈಬ್ರಿಜ್ ಎಂಬಾತ ಕುದುರೆ ಓಡುವ ದಾರಿಯ ಪಕ್ಕ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟ. ದಾರಿಗೆ ಅಡ್ಡವಾಗಿ ಎಳೆದ ಎಳೆಗಳನ್ನು ಕುದುರೆ ಹಾದುಹೋದಂತೆ ಒಂದೊಂದೇ ಕ್ಯಾಮೆರಾ ಕಣ್ಣು ತೆರೆದು ಮುಚ್ಚಿತು. ಓಡುವ ಕುದುರೆಯ ನಾಲ್ಕು ಕಾಲೂ ಒಂದು ಕ್ಷಣ ನೆಲ ಬಿಟ್ಟಿರುತ್ತವೆ ಎಂಬುದು ಖಚಿತವಾಯಿತು. ಆದರೆ ಚಿತ್ರಕಾರರು ಬರೆಯುತ್ತಿದ್ದಂತೆ ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡಾಗ ಅಲ್ಲ, ನಾಲ್ಕೂ ಕಾಲು ಹೊಟ್ಟೆಯ ಕೆಳಗೆ ಕೂಡಿಕೊಂಡಾಗ! 1887ರಲ್ಲಿ ಪ್ರಕಟವಾದ ಆತನ ದೊಡ್ಡ ಸಂಗ್ರಹದಲ್ಲಿ 781 ಫಲಕಗಳಿದ್ದವು; ಮನುಷ್ಯರ ಜೊತೆಗೆ ನಾಯಿ, ಬೆಕ್ಕು, ಆನೆಗಳೂ ಅಲ್ಲಿದ್ದವು. 1894ರಲ್ಲಿ ಫ್ರಾನ್ಸಿನ ಮಾರೆ ಎಂಬ ವಿಜ್ಞಾನಿ, ಕೆಳಗೆ ಬೀಳುವ ಬೆಕ್ಕು ಗಾಳಿಯಲ್ಲೇ ಮೈ ತಿರುಗಿಸಿ ಕಾಲೂರುವುದನ್ನು ಒಂದೊಂದೇ ಚಿತ್ರದಲ್ಲಿ ತೋರಿಸಿದ. ದಿನಾ ಕಣ್ಣೆದುರಿಗಿದ್ದ ಪ್ರಾಣಿಗಳನ್ನು ಜನ ಹೊಸದಾಗಿ ನೋಡಿದರು.

ಅತ್ತ ಇಂಗ್ಲೆಂಡಿನ ಬ್ರೈಟನ್ ಊರಿನ ಹ್ಯಾರಿ ಪಾಯಿಂಟರ್ 1870ರ ದಶಕದಲ್ಲಿ ಬೆಕ್ಕುಗಳ ಪಟ ತೆಗೆದು, ಶುಭಾಶಯದ ಮಾತು ಸೇರಿಸಿ ಮಾರುತ್ತಿದ್ದ. 1888ರಲ್ಲಿ ಕೊಡಕ್ ಕ್ಯಾಮೆರಾ ಬಂತು. 1900ರಲ್ಲಿ ಒಂದು ಡಾಲರಿನ ಬ್ರೌನಿ ಡಬ್ಬಿ ಕ್ಯಾಮೆರಾ ಬಂತು. ಆ ದೇಶಗಳಲ್ಲಿ ಮಕ್ಕಳ ಕೈಗೂ ಕ್ಯಾಮೆರಾ ಸಿಕ್ಕಿ, ಮನೆಯ ನಾಯಿ ಬೆಕ್ಕುಗಳು ಆಲ್ಬಮ್ಮಿಗೆ ಸೇರಿದವು.

ನಮ್ಮ ಹಳ್ಳಿಗಳಲ್ಲಿ ಹಾಗಾಗಲಿಲ್ಲ. ಪಟ ಬೇಕೆಂದರೆ ಪೇಟೆಯ ಸ್ಟುಡಿಯೋಕ್ಕೆ ಹೋಗಬೇಕು. ಮದುವೆಯ ಗಂಡುಹೆಣ್ಣು ಹೋಗಬಹುದು. ಎತ್ತು ಸ್ಟುಡಿಯೋ ಮೆಟ್ಟಿಲು ಹತ್ತೀತೇ? ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಬಳಿದೆವು, ಸಂಕ್ರಾಂತಿಗೆ ಕಿಚ್ಚು ಹಾಯಿಸಿದೆವು, ದೀಪಾವಳಿಗೆ ಗೋಪೂಜೆ ಮಾಡಿದೆವು. ಪ್ರೀತಿಗೆ ಕೊರತೆಯಿರಲಿಲ್ಲ, ಪಟಕ್ಕೆ ದಾರಿಯಿರಲಿಲ್ಲ.

ಊರಿನ ಸಾಮಾನ್ಯ ಪ್ರಾಣಿಗಳನ್ನು ಗಮನವಿಟ್ಟು ನೋಡಿದ ಒಬ್ಬರನ್ನು ಇಲ್ಲಿ ನೆನೆಯಬೇಕು. ಎಂ. ಕೃಷ್ಣನ್ ತಮಿಳು ಮನೆಮಾತಿನವರು, ಕಾದಂಬರಿಕಾರ ಮಾಧವಯ್ಯನವರ ಮಗ. 1942ರಿಂದ ಕೆಲವು ವರ್ಷ ಸಂಡೂರು ಸಂಸ್ಥಾನದಲ್ಲಿ ನೌಕರಿ ಮಾಡಿದರು. ಆದೋನಿ, ರಾಯದುರ್ಗದ ಕಡೆಯವರಿಗೆ ಸಂಡೂರು ದೂರದ ಊರಲ್ಲ. ಮುಂದೆ ಕಾಡಾನೆಗಳ ಕಪ್ಪುಬಿಳುಪು ಚಿತ್ರಗಳಿಂದ ಹೆಸರಾದರು. 1950ರಿಂದ 1996ರಲ್ಲಿ ತೀರಿಕೊಳ್ಳುವ ತನಕ 'ಸ್ಟೇಟ್ಸ್‌ಮನ್' ಪತ್ರಿಕೆಗೆ ಅಂಕಣ ಬರೆದರು. ಆನೆ ಹುಲಿಗಳಷ್ಟೇ ಆದರದಿಂದ ಕಾಗೆ, ಅಳಿಲು, ಆಡು, ನಾಯಿಗಳ ಬಗ್ಗೆಯೂ ಬರೆದರು. ನೋಡುವ ಕಣ್ಣಿದ್ದರೆ ಹಿತ್ತಿಲೂ ಒಂದು ಕಾಡೇ.

ಈಗ ಕಾಲ ತಿರುಗಿದೆ. ಕ್ಯಾಮೆರಾ ಎಲ್ಲರ ಜೇಬಿನಲ್ಲಿದೆ, ಹಟ್ಟಿಯಲ್ಲಿ ಎತ್ತೇ ಇಲ್ಲ! ಟ್ರಾಕ್ಟರ್ ಬಂದ ಮೇಲೆ ಜೋಡೆತ್ತು ಕಟ್ಟುವ ಮನೆಗಳು ಕಡಿಮೆಯಾಗಿವೆ. ಜತ್ತ, ಸೊಲ್ಲಾಪುರದ ಕಡೆಯ ಖಿಲಾರಿ, ಹೊಸೂರು ಸೀಮೆಯ ಹಳ್ಳಿಕಾರ್, ನೀಲಗಿರಿಯ ತೋಡ ಎಮ್ಮೆ, ಕಾಸರಗೋಡಿನ ಗಿಡ್ಡ ಹಸು, ಇವೆಲ್ಲ ಆಯಾ ನೆಲದ ಮಳೆ, ಬಿಸಿಲು, ಮೇವಿಗೆ ಒಗ್ಗಿ ಬಂದ ತಳಿಗಳು. ನಮ್ಮ ಮೊಮ್ಮಕ್ಕಳು ಇವನ್ನು ಎಲ್ಲಿ ನೋಡಬೇಕು?

ಪಟ ತೆಗೆಯುವುದಿಲ್ಲವೆಂದಲ್ಲ. ವಿಮೆಗೆಂದು ಕಿವಿಯ ಓಲೆ ಕಾಣುವಂತೆ ಹಸುವಿನ ಫೋಟೋ ತೆಗೆಯುತ್ತಾರೆ. ಓಲೆಯಲ್ಲಿ 12 ಅಂಕಿಯ ಸಂಖ್ಯೆ ಇರುತ್ತದೆ. ಅದು ಬೇಕಾದದ್ದೇ, ವಿಮೆಯ ಹಣಕ್ಕೆ ಅದೇ ಆಧಾರ. ಆದರೆ ಸಂಖ್ಯೆಯಿಂದ ಕರೆದರೆ ಹಸು ತಿರುಗಿ ನೋಡುವುದಿಲ್ಲ. ಕೆಂಪಿ ಎಂದರೆ ನೋಡುತ್ತದೆ, ಬಸವಾ ಎಂದರೆ ಕಿವಿ ನಿಮಿರಿಸುತ್ತದೆ.

ಗಡಿಯ ನಾವು ಇದನ್ನು ಇನ್ನಷ್ಟು ಯೋಚಿಸಬೇಕು. ಕಚೇರಿಯ ಕಾಗದ ಮರಾಠಿಯಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಮಲಯಾಳದಲ್ಲೋ ಇರುತ್ತದೆ. ಇರಲಿ, ಅವೂ ನಮ್ಮವೇ. ಹಟ್ಟಿಯಲ್ಲಿ ಕರೆಯುವ ಹೆಸರು ಮಾತ್ರ ಮನೆಮಾತಿನದು. ಕೋಡಿನ ಬಗೆಗೆ, ಮೈಬಣ್ಣಕ್ಕೆ, ಸುಳಿಗೆ, ನಡಿಗೆಗೆ ನಮ್ಮ ಹಿರಿಯರ ಬಾಯಲ್ಲಿ ಎಷ್ಟೊಂದು ಮಾತುಗಳಿವೆ! ಹಟ್ಟಿ ಬರಿದಾದರೆ ಆ ಮಾತುಗಳೂ ಬರಿದಾಗುತ್ತವೆ.

ಆದ್ದರಿಂದ ಒಂದು ಕೆಲಸ ಮಾಡಿ. ಬೆಳಗಿನ ಎಳೆಬಿಸಿಲಿನಲ್ಲಿ ನಿಮ್ಮ ಪ್ರಾಣಿಯ ಪಟ ತೆಗೆಯಿರಿ. ನಿಂತು ಮೇಲಿನಿಂದ ತೆಗೆಯಬೇಡಿ. ಅದರ ಕಣ್ಣಿನ ಮಟ್ಟಕ್ಕೆ ಕುಕ್ಕರುಗಾಲಲ್ಲಿ ಕುಳಿತುಕೊಳ್ಳಿ. ಕಣ್ಣಿಗೆ ಫ್ಲ್ಯಾಶ್ ಹೊಡೆಯಬೇಡಿ. ದಿನಾ ಮೇವು ಹಾಕುವವರನ್ನು ಪಕ್ಕದಲ್ಲಿ ನಿಲ್ಲಿಸಿ, ಆಗ ಪ್ರಾಣಿ ಬೆದರುವುದಿಲ್ಲ. ಮೇವು ಹಾಕಿದ ಅವ್ವನ ಪಟವೂ ಉಳಿಯುತ್ತದೆ. ಒಂದನ್ನಾದರೂ ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಏಕೆಂದರೆ ಫೋನು ಕೆಟ್ಟರೆ ಪಟವೂ ಹೋಯಿತು. ಅದರ ಹಿಂದೆ ಪ್ರಾಣಿಯ ಹೆಸರು, ತಳಿ, ಊರು, ಇಸವಿಯನ್ನು ಕನ್ನಡದಲ್ಲಿ ಬರೆಯಿರಿ. ಬೇಕಿದ್ದರೆ ಪಕ್ಕದಲ್ಲಿ ಊರಿನ ಇನ್ನೊಂದು ಭಾಷೆಯಲ್ಲೂ ಬರೆಯಿರಿ.

ಮಣಲೆರನಿಗೆ ಕಲ್ಲುಕುಟಿಗ ಬೇಕಾಯಿತು, ಭೂಮಿ ಬಿಡಬೇಕಾಯಿತು. ನಿಮಗೆ ಬೇಕಾದದ್ದು ಒಂದು ಪೆನ್ನು, ಐದು ನಿಮಿಷ. ಹಿರಿಯರು ಕಣ್ಣೆದುರಿಗೆ ಇರುವಾಗಲೇ ಕೇಳಿ ಬರೆದಿಡಿ.