ರೈಫಲ್ ಹೊರುವ ಎಡಗೈಗೆ ಎಂಥ ಗ್ಲೌಸ್? ಮಾಟುಂಗದ ಹವೆಯಲ್ಲಿ ಒಂದು ವಿಚಾರ

ಮಾಟುಂಗದಲ್ಲಿ ಗ್ಲೌಸ್ ಎಂದರೆ ಮೊದಲು ನೆನಪಾಗುವುದು ಕ್ರಿಕೆಟ್. ದಡಕರ್ ಮೈದಾನ, ಮಾಟುಂಗ ಜಿಮ್ಖಾನಾ, ಇಂಡಿಯನ್ ಜಿಮ್ಖಾನಾಗಳ ಆಸುಪಾಸಿನ ಮನೆಗಳಲ್ಲಿ ಮಕ್ಕಳಿಗೆ ಗ್ಲೌಸ್ ಕೊಂಡ ಅನುಭವಕ್ಕೆ ಬರವಿಲ್ಲ. ದಪ್ಪ ನೋಡಬೇಕು, ಮೆತ್ತೆಯನ್ನು ಬೆರಳಿಂದ ಒತ್ತಿ ನೋಡಬೇಕು, ಮಣಿಕಟ್ಟಿನ ವೆಲ್ಕ್ರೊ ಬಿಗಿದು ನೋಡಬೇಕು, ಆಮೇಲೆ ಧೋಬಿ ತಲಾವಿನ ಅಂಗಡಿಯವನೊಂದಿಗೆ ಚೌಕಾಸಿ. ಅದೇ ಮನೆಯ ಹುಡುಗಿ ಕಾಲೇಜಿನ ಎನ್‌ಸಿಸಿಯಲ್ಲಿ ಬಂದೂಕಿನ ರುಚಿ ಹತ್ತಿಸಿಕೊಂಡು ವರ್ಲಿಯ ಶೂಟಿಂಗ್ ರೇಂಜಿಗೆ ಹೋಗತೊಡಗಿದಳೆನ್ನಿ. ಈ ಮೂರು ತಿಳಿವಳಿಕೆಯೂ ಅಲ್ಲಿ ತಿರುಗುಮುರುಗಾಗುತ್ತವೆ. ರೈಫಲ್ ಗ್ಲೌಸ್‌ನ ದಪ್ಪಕ್ಕೆ ಮೇಲ್ಮಿತಿ ಇದೆ. ಮೆತ್ತೆ ಮಿತಿಮೀರಿದರೆ ಗುರಿ ಕೆಡುತ್ತದೆ. ಮಣಿಕಟ್ಟನ್ನು ಬಿಗಿಯುವ ಪಟ್ಟಿ ನಿಯಮಕ್ಕೇ ವಿರುದ್ಧ.

ನನ್ನ ವಾದ ಇಷ್ಟು: ಗ್ಲೌಸ್‌ನ ಹಿತ ಕೈಯ ಅಳತೆಯಿಂದಲೂ ಗುರಿಕಾರ ನಿಲ್ಲುವ ಭಂಗಿಯಿಂದಲೂ ಬರುತ್ತದೆ. ಬಾಳಿಕೆಯನ್ನು ಮುಂಬಯಿಯಲ್ಲಿ ನಿರ್ಧರಿಸುವುದು ಸವೆತಕ್ಕಿಂತ ಹೆಚ್ಚಾಗಿ ತೇವ. ಕೊಳ್ಳುವವರು ಸಾಮಾನ್ಯವಾಗಿ ಮೊದಲು ಕೇಳುವ ಕಂಪನಿಯ ಹೆಸರು, ಬೆಲೆ ಎರಡೂ ಇವುಗಳ ನಂತರ ಬರಬೇಕಾದವು.

ಚರ್ಚೆಯನ್ನು ರೈಫಲ್‌ಗೇ, ಅದರಲ್ಲೂ 10 ಮೀಟರ್ ಏರ್ ರೈಫಲ್‌ಗೇ ಹೆಚ್ಚಾಗಿ ಸೀಮಿತಗೊಳಿಸಿದ್ದೇನೆ. ಕಾರಣ ಮುಂಬಯಿಯ ಇತಿಹಾಸದಲ್ಲಿದೆ. ವರ್ಲಿಯ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್ನಿನ ರೇಂಜಿನಲ್ಲಿ, ತರಬೇತುದಾರ ಸಂಜಯ್ ಚಕ್ರವರ್ತಿಯವರ ಕೈಕೆಳಗೆ, ಅಂಜಲಿ ಭಾಗವತ್, ದೀಪಾಲಿ ದೇಶಪಾಂಡೆ, ಸುಮಾ ಶಿರೂರು ಪಳಗಿದರು. ಅಂಜಲಿ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿದ ಮೇಲೆ ಈ ಆಟ ನಗರದ ಮಧ್ಯಮವರ್ಗದ ಮನೆಗಳ ಮಾತಿಗೆ ಬಂತು. ಸುಮಾ ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದವರು. 2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅಂಜಲಿಯೊಂದಿಗೆ ಜೋಡಿ ಸ್ಪರ್ಧೆಯ ಚಿನ್ನ ಗೆದ್ದು, 2004ರಲ್ಲಿ ಕೌಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್‌ನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಹೊಡೆದವರು. ಪನವೇಲಿನಲ್ಲಿ ಲಕ್ಷ್ಯ ಶೂಟಿಂಗ್ ಕ್ಲಬ್ ಕಟ್ಟಿದ ಅವರು ತರಬೇತಿ ಕೊಟ್ಟ ಅವನಿ ಲೇಖರಾ ಟೋಕಿಯೊ ಮತ್ತು ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಎರಡರಲ್ಲೂ ಏರ್ ರೈಫಲ್ ಚಿನ್ನ ತಂದರು.

ಆ 400ರ ಲೆಕ್ಕದಲ್ಲೇ ಗ್ಲೌಸ್‌ನ ಪಾಠವೂ ಇದೆ. ಏರ್ ರೈಫಲ್ ಗುರಿಹಲಗೆಯಲ್ಲಿ ಹತ್ತರ ಚುಕ್ಕೆಯ ಅಡ್ಡಳತೆ 0.5 ಮಿ.ಮೀ., ಗುಂಡಿನದು 4.5 ಮಿ.ಮೀ. ಗುಂಡಿನ ಅಂಚು ಚುಕ್ಕೆಗೆ ತಾಗಿದರೂ ಹತ್ತು ಅಂಕ. ಅಂದರೆ ಗುಂಡಿನ ನಡುವು ಗುರಿಯ ನಡುವಿನಿಂದ 2.5 ಮಿ.ಮೀ. ಒಳಗಿರಬೇಕು, ನಲವತ್ತು ಸಲವೂ. ಈಗ ಹಿಂದಕ್ಕೆ ಬನ್ನಿ. ಹತ್ತು ಮೀಟರಿನಲ್ಲಿ 2.5 ಮಿ.ಮೀ. ಎಂದರೆ, ಭುಜಕ್ಕೂ ಆಧಾರ ಕೊಡುವ ಕೈಗೂ ನಡುವಿನ ಅರ್ಧ ಮೀಟರಿನಲ್ಲಿ ಅದು ಮಿಲಿಮೀಟರಿನ ಎಂಟನೆಯ ಒಂದು ಭಾಗ. ಗುರಿ ಕಟ್ಟಿದ ಮೇಲೆ ಅಂಗೈ ಕೆಳಗಿನ ಮೆತ್ತೆ ಅಷ್ಟು ಕುಸಿದರೆ ಹತ್ತು ಒಂಬತ್ತಾಗುತ್ತದೆ. ಇದು ಭುಜವನ್ನು ತಿರುಗಣೆಯೆಂದು ಭಾವಿಸಿ ಹಾಕಿದ ಸರಳ ಲೆಕ್ಕ. ನಿಜವಾದ ದೇಹ ಇನ್ನೂ ತೊಡಕಿನದು. ಆದರೂ ಗಾತ್ರದ ಅಂದಾಜು ತಪ್ಪುವುದಿಲ್ಲ. 2013ರಿಂದ ಅರ್ಹತಾ ಸುತ್ತಿನಲ್ಲೂ ದಶಮಾಂಶದ ಅಂಕ ಬಂದಿರುವುದರಿಂದ ಈ ಗೆರೆ ಇನ್ನಷ್ಟು ಸಣ್ಣದಾಗಿದೆ: ನಟ್ಟನಡುವಿಗೆ ಬಿದ್ದರೆ 10.9, ಕೂದಲೆಳೆ ಸರಿದರೆ 10.4.

ಹಾಗೆಂದು ಮೆತ್ತೆಯೇ ಬೇಡವೆಂದಲ್ಲ. ಮೆತ್ತೆ ಭಾರ ಬಿದ್ದೊಡನೆ ಒಮ್ಮೆ ತಗ್ಗಿ ನಿಂತುಬಿಟ್ಟರೆ ಬಾಧಕವಿಲ್ಲ, ಗುರಿಕಾರ ಆ ಸ್ಥಿತಿಯಲ್ಲೇ ಗುರಿ ಕಟ್ಟುತ್ತಾನೆ. ತಗ್ಗುತ್ತಲೇ ಹೋಗುವ ಮೆತ್ತೆ ಕೆಟ್ಟದ್ದು. ಅಂಗಡಿಯಲ್ಲಿ ಪರೀಕ್ಷೆ ಸುಲಭ. ಗ್ಲೌಸ್ ಹಾಕಿಕೊಂಡು ಮೇಜಿನ ಅಂಚಿಗೆ ಅಂಗೈಯನ್ನು ಗಟ್ಟಿಯಾಗಿ ಒತ್ತಿ, ನಿಧಾನವಾಗಿ ಇಪ್ಪತ್ತರವರೆಗೆ ಎಣಿಸಬೇಕು. ಅಂಚು ಮೊದಲ ಕ್ಷಣದಲ್ಲಿ ಇಳಿದಷ್ಟೇ ಇಳಿದು ನಿಲ್ಲಬೇಕು. ಎಣಿಕೆ ಮುಗಿಯುವ ಹೊತ್ತಿಗೆ ಕೈಮೂಳೆಗೆ ಅಂಚು ತಾಗತೊಡಗಿದರೆ ಆ ಸ್ಪಂಜು ಕೆಲಸಕ್ಕೆ ಬಾರದು. ಮುಟ್ಟಿದರೆ ಹಿತವೆನಿಸುವ ಗ್ಲೌಸ್‌ಗಳೇ ಈ ಪರೀಕ್ಷೆಯಲ್ಲಿ ಹೆಚ್ಚಾಗಿ ಸೋಲುತ್ತವೆ.

ನಿಯಮಗಳನ್ನು ಬೇಗ ಹೇಳಿ ಮುಗಿಸಬಹುದು. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ಪ್ರಕಾರ ಗ್ಲೌಸ್‌ನ ಮುಂಬದಿ ಹಿಂಬದಿ ಎರಡನ್ನೂ ಸೇರಿಸಿ ದಪ್ಪ 12 ಮಿ.ಮೀ. ಮೀರಕೂಡದು, ಹೊಲಿಗೆ ಮತ್ತು ಜೋಡಣೆಯ ಜಾಗಕ್ಕೆ ಮಾತ್ರ ವಿನಾಯಿತಿ. ಮಣಿಕಟ್ಟಿನ ಗಂಟಿನ ನಡುವಿನಿಂದ 50 ಮಿ.ಮೀ.ಗಿಂತ ಹಿಂದಕ್ಕೆ ಚಾಚಕೂಡದು. ಮಣಿಕಟ್ಟಿನಲ್ಲಿ ಪಟ್ಟಿ, ವೆಲ್ಕ್ರೊ, ಗುಂಡಿ ಯಾವುದೂ ಇರಕೂಡದು. ಹಾಕಿಕೊಳ್ಳಲು ಅನುಕೂಲವಾಗುವಂತೆ ಎಲಾಸ್ಟಿಕ್ ಇರಬಹುದು, ಆದರೆ ಹಾಕಿಕೊಂಡ ಮೇಲೆ ಸಡಿಲವಾಗಿಯೇ ನಿಲ್ಲಬೇಕು. ಈ ಕೊನೆಯ ನಿಯಮ ಹೊಸಬರಿಗೆ ವಿಚಿತ್ರವೆನಿಸುತ್ತದೆ. ಬಿಗಿದ ಮಣಿಕಟ್ಟು ಮೂಳೆ ಮುರಿದಾಗ ಕಟ್ಟುವ ದಬ್ಬೆಯಂತೆ ಕೈಯನ್ನು ನಿಲ್ಲಿಸಿಬಿಡುತ್ತದೆ, ಗುರಿಕಾರ ಸ್ನಾಯುವಿಂದ ಮಾಡಬೇಕಾದ ಕೆಲಸವನ್ನು ಬಟ್ಟೆ ಮಾಡುತ್ತದೆ ಎಂಬುದು ಇದರ ಹಿಂದಿನ ತರ್ಕ. ಸರಿಯೆಂದೇ ನನಗೂ ತೋರುತ್ತದೆ.

ಭಂಗಿಯ ವಿಷಯ ಇದಕ್ಕಿಂತ ಸ್ವಾರಸ್ಯದ್ದು. ಏರ್ ರೈಫಲ್‌ನಲ್ಲಿ ನಿಂತೇ ಹೊಡೆಯುವುದು. ರೈಫಲ್ ಗರಿಷ್ಠ 5.5 ಕೆ.ಜಿ. ಇರಬಹುದು, ನಿಂತ ಭಂಗಿಯಲ್ಲಿ ಸ್ಲಿಂಗ್ (ರೈಫಲನ್ನು ತೋಳಿಗೆ ಬಿಗಿಯುವ ಪಟ್ಟಿ) ಬಳಸುವಂತಿಲ್ಲ. ಎಡ ಮೊಣಕೈ ಸೊಂಟದ ಮೂಳೆಗೆ ಆನಿಸಿ, ಮುಂಗೈ ನೆಟ್ಟಗೆ ನಿಲ್ಲಿಸಿ, ಅದರ ತುದಿಯ ಮುಷ್ಟಿಯ ಮೇಲೋ ಚಾಚಿದ ಅಂಗೈಯ ಮೇಲೋ ರೈಫಲ್ ಕೂರುತ್ತದೆ. ಈಗ ಪಂದ್ಯದಲ್ಲಿ 60 ಗುಂಡಿಗೆ 75 ನಿಮಿಷ, ಅದಕ್ಕೂ ಮೊದಲು ಸಿದ್ಧತೆಗೆ 15. ಒಂದೂವರೆ ಗಂಟೆ ಈ ಭಾರ ಏರುತ್ತ ಇಳಿಯುತ್ತ ಇರುವಾಗ ಗ್ಲೌಸ್ ಮಾಡಬೇಕಾದ ಕೆಲಸ ಹಿಡಿತ ಕೊಡುವುದಲ್ಲ, ಬೆರಳ ಗೆಣ್ಣುಗಳ ಮೇಲೆ ಬೀಳುವ ಒತ್ತಡವನ್ನು ಹರಡುವುದು. ಆದ್ದರಿಂದ ಮುಷ್ಟಿಯ ಮೇಲೆ ಹೊರುವವರಿಗೆ ಗೆಣ್ಣಿನ ಭಾಗ ಗಟ್ಟಿಯಾದ, ಪೂರ್ತಿ ಬೆರಳಿನ ಗ್ಲೌಸ್ ಬೇಕು. ಅಂಗೈ ಚಾಚಿ ಹೊರುವವರಿಗೆ ಅಂಗೈಯ ಬುಡದಲ್ಲಿ, ಹೆಬ್ಬೆರಳಿನ ದಿಬ್ಬದ ಬಳಿ ಮೆತ್ತೆ ಬೇಕು. ತರಬೇತುದಾರರು ಕೈ ಹೇಗಿಡಬೇಕೆಂದು ತೀರ್ಮಾನಿಸುವ ಮೊದಲೇ ಗ್ಲೌಸ್ ಕೊಳ್ಳುವುದು ಅವಸರ. ಮೊದಲ ಕೆಲವು ತಿಂಗಳು ಕ್ಲಬ್ಬಿನ ಗ್ಲೌಸ್‌ನಲ್ಲೇ ಕಲಿತರೆ ನಷ್ಟವೇನಿಲ್ಲ.

ಮಲಗಿ ಅಥವಾ ಮಂಡಿಯೂರಿ ಹೊಡೆಯುವ 50 ಮೀಟರ್ ಸ್ಪರ್ಧೆಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಸ್ಲಿಂಗ್ ತೋಳನ್ನು ಬಿಗಿದು ಕೈಹಿಂಬದಿಯನ್ನು ಸುತ್ತಿ ಬರುತ್ತದೆ. ಕೈ ಮುಂದಕ್ಕೆ ಜಾರದಂತೆ ರೈಫಲ್‌ನ ಕೆಳಗೆ ಕೂರಿಸುವ ಹ್ಯಾಂಡ್ ಸ್ಟಾಪ್ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಸಂದಿಯನ್ನು ಒತ್ತುತ್ತದೆ. ಆ ಒತ್ತಡದಲ್ಲಿ ನಾಡಿಮಿಡಿತ ರೈಫಲ್‌ಗೆ ಹತ್ತುತ್ತದೆ, ಗುರಿಕಿಂಡಿಯಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಇಲ್ಲಿ ದಪ್ಪ ಮೆತ್ತೆ ಸಾರ್ಥಕ, ಅದೂ ಕೈಹಿಂಬದಿಯಲ್ಲಿ. ಬೆರಳುಗಳಿಗೆ ಕೆಲಸವಿಲ್ಲದ್ದರಿಂದ ತುದಿ ತೆರೆದ ಗ್ಲೌಸ್ ಸಾಕು, ಬೆವರಿಗೂ ಒಳ್ಳೆಯದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೊಲ್ಹಾಪುರ ಕಡೆಯ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ ಸ್ಪರ್ಧೆ ಮಂಡಿಯೂರಿ, ಮಲಗಿ, ನಿಂತು ಹೊಡೆಯುವ ಮೂರು ಭಂಗಿಗಳದ್ದು.   ಮೂರು ಭಂಗಿಗೂ ಒಂದೇ ಗ್ಲೌಸ್ ಸಾಕೆಂದು ಹೇಳುವ ಅಂಗಡಿಯವರ ಮಾತನ್ನು ನಂಬಬೇಕಾಗಿಲ್ಲ.

ಬಲಗೈಯಲ್ಲಿ ಟ್ರಿಗರ್ ಒತ್ತುವವರಿಗೆ ಗ್ಲೌಸ್ ಎಡಗೈಗೆ, ಎಡಚರಿಗೆ ಬಲಗೈಗೆ. ಜೋಡಿಯಾಗಿ ಸಿಗುವುದಿಲ್ಲ, ಬಿಡಿಯಾಗಿ ಮಾರುತ್ತಾರೆ. ಟ್ರಿಗರ್ ಬೆರಳಿಗೆ ಸಾಮಾನ್ಯವಾಗಿ ಏನೂ ಹಾಕುವುದಿಲ್ಲ. ಪಿಸ್ತೂಲಿನವರು ಬರಿಗೈಯವರು, ಶಾಟ್‌ಗನ್ನಿನವರ ತೆಳು ತೊಗಲಿನ ಗ್ಲೌಸ್ ಬೇರೆಯದೇ ವಸ್ತು. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡಿಡುವ ಪದ್ಧತಿ ಇಂದಿಗೂ ಜೀವಂತ. ಕೋವಿಯ ನಂಟು ಇಷ್ಟು ಹಳೆಯದಾಗಿರುವ ನಾಡಿನಲ್ಲೂ ಗ್ಲೌಸ್ ಹುಟ್ಟಲಿಲ್ಲ, ಹುಟ್ಟುವ ಅಗತ್ಯವೂ ಇರಲಿಲ್ಲ. ಒಂದೆರಡು ಗುಂಡಿಗೆ ಬರಿಗೈ ಸಾಕು. ಗ್ಲೌಸ್ ಬೇಕಾಗುವುದು ಅದೇ ಕೆಲಸವನ್ನು ಅರುವತ್ತು ಸಲ ತಪ್ಪದಂತೆ ಮಾಡಬೇಕಾದಾಗ.

ಅಳತೆಗೆ ಬೇಕಾಗುವುದು ದರ್ಜಿಯ ಟೇಪು ಮಾತ್ರ. ಹೆಬ್ಬೆರಳು ಬಿಟ್ಟು ನಾಲ್ಕು ಗೆಣ್ಣುಗಳ ಸುತ್ತ ಅಳೆದರೆ ಬರುವ ಸುತ್ತಳತೆಯೇ ಆಧಾರ. ನಡುಬೆರಳಿನ ಉದ್ದವನ್ನೂ ಬರೆದಿಟ್ಟುಕೊಳ್ಳುವುದು ಲೇಸು. ಕೈ ಬೆವರಿದಾಗ, ಅಭ್ಯಾಸದ ಕೊನೆಗೆ ಅಳೆಯಬೇಕು. ಬೆಳಗಿನ ತಣ್ಣನೆಯ ಕೈಗಿಂತ ಆಗ ಸ್ವಲ್ಪ ಊದಿರುತ್ತದೆ. ಬೆರಳ ತುದಿಯಲ್ಲಿ ಮಡಿಕೆ ಬೀಳುವ ಗ್ಲೌಸ್ ದೊಡ್ಡದು. ಮುಷ್ಟಿ ಕಟ್ಟಿದಾಗ ಹೆಬ್ಬೆರಳ ಸಂದಿ ಎಳೆದರೆ ಚಿಕ್ಕದು, ಮೊದಲು ಹರಿಯುವುದೂ ಅಲ್ಲೇ.

ಇನ್ನು ಬಾಳಿಕೆ. ಮಾಟುಂಗದಿಂದ ಕೂಗಳತೆಯಲ್ಲಿ ಧಾರಾವಿ. ಅಲ್ಲಿಯ ಒಂದು ಬಡಾವಣೆಗಿರುವ ಮಾಟುಂಗ ಲೇಬರ್ ಕ್ಯಾಂಪ್ ಎಂಬ ಹೆಸರೇ ಎರಡನ್ನೂ ಹೊಲಿದಂತಿದೆ. ಧಾರಾವಿಯ ತೊಗಲಿನ ಕೆಲಸಗಾರರಿಗೆ ಕೈಯಿಂದ ತೀಡಿದರೆ ಸಾಕು, ಆಡಿನದೋ ಕುರಿಯದೋ ರೆಕ್ಸಿನ್ನೋ ಎಂದು ಹೇಳುತ್ತಾರೆ. ನಾವು ಅಷ್ಟು ಕಲಿಯಬೇಕಿಲ್ಲ, ಒಂದು ಗುರುತು ಸಾಕು: ಗ್ಲೌಸ್‌ನ ಒಳಅಂಚು, ಹೊಲಿಗೆಯ ಹತ್ತಿರ ಕತ್ತರಿಸಿದ ಬದಿ ನೋಡುವುದು. ಬದಿಯಲ್ಲಿ ನಾರುನಾರಾಗಿ ಒಂದೇ ಮೈಯಾಗಿದ್ದರೆ ತೊಗಲು. ನೇಯ್ದ ಬಟ್ಟೆಯ ಮೇಲೆ ತೆಳ್ಳನೆಯ ಪದರ ಅಂಟಿದ್ದರೆ ಅದು ಪಿಯು (ಪಾಲಿಯುರೆಥೇನ್) ಲೇಪದ ಕೃತಕ ಚರ್ಮ.

ಈ ವ್ಯತ್ಯಾಸ ಜರ್ಮನಿಯಲ್ಲೋ ಫಿನ್ಲೆಂಡಿನಲ್ಲೋ ಅಷ್ಟು ಮುಖ್ಯವಲ್ಲದಿರಬಹುದು, ಮುಂಬಯಿಯಲ್ಲಿ ಮುಖ್ಯ. ಪಾಲಿಯುರೆಥೇನಿನ ಹಲವು ಬಗೆಗಳು ತೇವಾಂಶದಲ್ಲಿ ರಾಸಾಯನಿಕವಾಗಿ ಒಡೆಯುತ್ತವೆ. ನೀರಿನ ಅಣು ಅದರ ಸರಪಳಿಯನ್ನು ಕತ್ತರಿಸುತ್ತ ಹೋಗುತ್ತದೆ, ಬಳಸಲಿ ಬಿಡಲಿ. ಜುಲೈ ಆಗಸ್ಟಿನಲ್ಲಿ ಇಲ್ಲಿಯ ಗಾಳಿಯ ತೇವಾಂಶ ಶೇ. 80ರ ಮೇಲೇ ಇರುತ್ತದೆ. ಕಪಾಟಿನಲ್ಲಿ ಕಟ್ಟಿಟ್ಟ ಕೈಚೀಲ, ಸೋಫಾ, ಬೂಟು ಹೊಟ್ಟು ಹೊಟ್ಟಾಗಿ ಸುಲಿಯುವುದನ್ನು ಕಾಣದ ಮುಂಬಯಿ ಮನೆಯಿಲ್ಲ. ಗ್ಲೌಸ್‌ನ ಲೇಪಕ್ಕೂ ಅದೇ ಗತಿ. ಅಂಗೈಗೆ ಹಾಕಿದ ರಬ್ಬರಿನ ಚುಕ್ಕೆಗಳಿಗೂ ಆಯುಷ್ಯ ಕಡಿಮೆ: ಚರ್ಮದ ಎಣ್ಣೆ, ಗಾಳಿಯ ಆಮ್ಲಜನಕ, ಓಜೋನ್ ಸೇರಿ ಅದನ್ನು ಮೊದಲು ಅಂಟಂಟು, ಆಮೇಲೆ ಬಿರುಕು ಮಾಡುತ್ತವೆ. ಆದರೆ ರಬ್ಬರಿಲ್ಲದೆ ರೈಫಲ್ ಜಾರುತ್ತದೆ. ಆದ್ದರಿಂದ ಮೈ ತೊಗಲಿನದು, ಭಾರ ಕೂರುವ ಕಡೆ ಮಾತ್ರ ರಬ್ಬರಿನ ತುಂಡು ಹೊಲಿದಿರುವ ಗ್ಲೌಸ್ ನನ್ನ ಆಯ್ಕೆ. ತುಂಡು ಸವೆದರೆ ಬದಲಿಸಬಹುದು. ಇಡೀ ಅಂಗೈಗೆ ರಬ್ಬರ್ ಎರಕ ಹೊಯ್ದದ್ದನ್ನು ಎಸೆಯಬೇಕಾಗುತ್ತದೆ.

ತೊಗಲಿನಲ್ಲೂ ಕ್ರೋಮ್ ಹದದ್ದು ಇಲ್ಲಿಗೆ ಮೇಲು. ಮರದ ತೊಗಟೆಯ ಹದದ ತೊಗಲಿಗೆ ಬೂಷ್ಟು ಬೇಗ ಹಿಡಿಯುತ್ತದೆ, ನೆನೆದು ಒಣಗಿದರೆ ಬಿರುಸಾಗುತ್ತದೆ. ದಾರ ನೈಲಾನಿನದೋ ಪಾಲಿಯೆಸ್ಟರಿನದೋ ಇರಲಿ, ಹತ್ತಿಯ ದಾರವನ್ನು ಬೆವರು ಕೊಳೆಸುತ್ತದೆ. ಕೈಹಿಂಬದಿಯಲ್ಲಿ ಜಾಳಿಗೆ ಬಟ್ಟೆಯಿದ್ದರೆ ಬೆವರಿಗೆ ದಾರಿ ಸಿಗುತ್ತದೆ. ನಿಂತ ಭಂಗಿಗೆ ಇದು ಒಳ್ಳೆಯದು; ಸ್ಲಿಂಗ್ ಒತ್ತುವ ಭಂಗಿಗಳಿಗೆ ಮಾತ್ರ ಬೇಡ.

ಮನೆಯಲ್ಲಿ ನೋಡಿಕೊಳ್ಳುವ ರೀತಿಯ ಬಗ್ಗೆ ನಮ್ಮವರ ಒಂದು ಅಭ್ಯಾಸಕ್ಕೆ ತಡೆ ಹಾಕಬೇಕು: ತೊಗಲು ಬಿರುಸಾಯಿತೆಂದರೆ ಕೊಬ್ಬರಿ ಎಣ್ಣೆ. ಗ್ಲೌಸ್‌ಗೆ ಅದು ಸಲ್ಲದು. ನಾರು ಅತಿಯಾಗಿ ಮೆತ್ತಗಾಗಿ ಅಂಗೈ ಜಾರುತ್ತದೆ, ಜಿಡ್ಡು ಬೂಷ್ಟಿಗೆ ಊಟವಾಗುತ್ತದೆ. ನುಸಿಗುಳಿಗೆ ಹುಳುವಿಗೆ, ತೇವಕ್ಕಲ್ಲ. ಅಭ್ಯಾಸ ಮುಗಿದೊಡನೆ ಗ್ಲೌಸನ್ನು ರೈಫಲ್ ಪೆಟ್ಟಿಗೆಯಲ್ಲಿ ತುರುಕದೆ, ಬೆರಳು ಬಿಡಿಸಿ ಫ್ಯಾನಿನ ಗಾಳಿಗೆ ನೇತುಹಾಕುವುದು, ಪೂರ್ತಿ ಆರಿದ ಮೇಲೆ ಸಿಲಿಕಾ ಜೆಲ್ಲಿನ ಪೊಟ್ಟಣದೊಂದಿಗೆ ಡಬ್ಬಿಯಲ್ಲಿಡುವುದು. ಬಿಸಿಲಿಗೆ ಹಾಕಬಾರದು, ಇಸ್ತ್ರಿಪೆಟ್ಟಿಗೆಯ ಹತ್ತಿರವಂತೂ ಬೇಡ. ಒಳಗೆ ತೆಳ್ಳನೆಯ ಹತ್ತಿ ಗ್ಲೌಸ್ ಹಾಕಿಕೊಂಡರೆ ಬೆವರನ್ನು ಅದೇ ಹೀರುತ್ತದೆ, ದಿನವೂ ಒಗೆಯಬಹುದು. ಆದರೆ ಅದನ್ನು ಹಾಕಿಕೊಂಡೇ ಹೊರಗಿನದರ ಅಳತೆ ನೋಡಬೇಕು, ಪಂದ್ಯದಲ್ಲೂ ಅದರ ದಪ್ಪವನ್ನು ಸೇರಿಸಿಯೇ ಲೆಕ್ಕ ಹಾಕಬೇಕು.

ರಿಪೇರಿ ಧಾರಾವಿಯಲ್ಲೋ ಸ್ಟೇಷನ್ ಬದಿಯ ಮೋಚಿಯ ಬಳಿಯೋ ಆಗುತ್ತದೆ, ಅಗ್ಗವಾಗಿಯೂ ಆಗುತ್ತದೆ. ಗೆಳೆತನದಿಂದ ಅವನು ಒಂದು ಪದರ ಹೆಚ್ಚು ಹೊಲಿದುಬಿಡುವ ಅಪಾಯವುಂಟು. ಕೊಂಡಾಗ ಒಟ್ಟು 11 ಮಿ.ಮೀ. ಇದ್ದ ಗ್ಲೌಸ್‌ಗೆ 2 ಮಿ.ಮೀ. ತೇಪೆ ಬಿದ್ದರೆ ಮಿತಿ ದಾಟಿತು. ಸಲಕರಣೆ ತಪಾಸಣೆಯಲ್ಲಿ ಅದು ಸಿಕ್ಕಿಬಿದ್ದರೆ ಮೋಚಿಯ ಮೇಲೆ ಹಾಕಲಾಗದು. ಹಳೆಯ ತುಂಡನ್ನು ಬಿಚ್ಚಿಸಿ, ಅದೇ ದಪ್ಪದ ಹೊಸದನ್ನು ಅದೇ ಹೊಲಿಗೆ ತೂತುಗಳಲ್ಲಿ ಕೂರಿಸುವಂತೆ ಎದುರಿಗೆ ನಿಂತು ಹೇಳಬೇಕು, ಆಮೇಲೆ ಕ್ಲಬ್ಬಿನ ಕ್ಯಾಲಿಪರ್‌ನಲ್ಲಿ ಅಳೆಯಬೇಕು. ಬೆಳೆಯುವ ಮಕ್ಕಳ ಗ್ಲೌಸ್‌ಗೆ ಇಷ್ಟೆಲ್ಲ ಮಾಡಬೇಕಾಗಿಲ್ಲ. ಹದಿಮೂರು ಹದಿನಾಲ್ಕರ ಕೈ ಸವೆತಕ್ಕಿಂತ ಮೊದಲೇ ಗ್ಲೌಸನ್ನು ಮೀರಿಬಿಡುತ್ತದೆ, ಅದು ಕ್ಲಬ್ಬಿನ ಮುಂದಿನ ಹುಡುಗನಿಗೆ ಹೋಗುತ್ತದೆ. ಆ ವಯಸ್ಸಿಗೆ ಮಧ್ಯಮ ಬೆಲೆಯದನ್ನೇ ಕೊಂಡು, ಉಳಿದ ದುಡ್ಡನ್ನು ಗುಂಡಿಗೆ ಖರ್ಚು ಮಾಡುವುದು ಮೇಲು.