ಅಂಕಿತ ಉಳಿಯಿತು, ಗ್ರಂಥ ಬೆಳೆಯಿತು

ಶೂನ್ಯಸಂಪಾದನೆ ಅಂದ್ರೆ ಒಂದೇ ಪುಸ್ತಕ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಅದು ಒಂದಲ್ಲ, ನಾಲ್ಕು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹದೇವಯ್ಯನವರು ಶರಣರ ವಚನಗಳನ್ನು ಆರಿಸಿ, ಸಂವಾದದ ರೂಪದಲ್ಲಿ ಜೋಡಿಸಿದರು. ಅದರಲ್ಲಿ ಸಿದ್ಧರಾಮರ ಇಷ್ಟಲಿಂಗ ದೀಕ್ಷೆಯ ಪ್ರಸಂಗ ಇರಲಿಲ್ಲ. ಹಲಗೆಯಾರ್ಯರು ಅದನ್ನು ಸೇರಿಸಿ ಗ್ರಂಥವನ್ನು ಬೆಳೆಸಿದರು. ಮೂರನೆಯವರು ನಮ್ಮೂರಿನ ಹೆಸರು ಹೊತ್ತ ಗುಮ್ಮಳಾಪುರದ ಸಿದ್ಧಲಿಂಗಯತಿಗಳು. ನಾಲ್ಕನೆಯವರು ಗೂಳೂರು ಸಿದ್ಧವೀರಣಾರ್ಯರು.

ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ತಿದ್ದಿದರು, ಹಿಗ್ಗಿಸಿದರು. ಆದರೆ ವಚನದ ಕೊನೆಯ ಅಂಕಿತವನ್ನು ಅಳಿಸಲಿಲ್ಲ. ‘ಕೂಡಲಸಂಗಮದೇವ’ ಅಂದರೆ ಬಸವಣ್ಣನವರದು, ‘ಗುಹೇಶ್ವರ’ ಅಂದರೆ ಅಲ್ಲಮಪ್ರಭುಗಳದು. ಬರಹ ಎಲ್ಲರದಾದರೂ ಆಡಿದವರ ಗುರುತು ಉಳಿಯಿತು.

ಆಗ ಓಲೆಗರಿಯ ಕಾಲ, ಕಾಯಿದೆಯ ಅಡ್ಡಿ ಇರಲಿಲ್ಲ. ಈಗ ಹಾಗಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆ ಪ್ರಕಾರ ಬರೆದವರ ಹಕ್ಕು ಅವರ ಜೀವಮಾನವಿಡೀ, ತೀರಿಕೊಂಡ ಮೇಲೂ 60 ವರ್ಷ ಇರುತ್ತೆ. ನೋಂದಣಿ ಮಾಡಿಸದಿದ್ದರೂ ಇರುತ್ತೆ. ಏನೂ ಹೇಳದೆ ಬಿಟ್ಟಿದ್ದಾರೆ ಅಂದಮಾತ್ರಕ್ಕೆ ಒಪ್ಪಿಗೆ ಕೊಟ್ಟ ಹಾಗಲ್ಲ.

ಕಂಪ್ಯೂಟರ್ ಕಲಿಯುವ ಮಕ್ಕಳಿಗೆ ಇದೇ ತೊಡಕು. ತಂತ್ರಾಂಶದ ಕೈಪಿಡಿಯಲ್ಲಿ ವಿವರಣೆ ಇರುತ್ತೆ, ನಡುವೆ ‘ಹೀಗೆ ಬರೆಯಿರಿ’ ಅಂತ ನಾಲ್ಕು ಸಾಲು ಮಾದರಿ ಕೋಡ್ ಇರುತ್ತೆ. ಆ ಸಾಲುಗಳು ಇರೋದೇ ಎತ್ತಿ ಬಳಸಲಿಕ್ಕೆ. ಆದರೆ ‘ಇದನ್ನು ಬಳಸಿ ಮಾಡಿದ್ದನ್ನೂ ಇದೇ ಷರತ್ತಿನಲ್ಲಿ ಹಂಚಬೇಕು’ ಎಂಬ ಪರವಾನಗಿ ಇಡೀ ಕೈಪಿಡಿಗೆ ಇದ್ದರೆ, ಆ ನಾಲ್ಕು ಸಾಲು ಹಾಕಿಕೊಂಡ ಹುಡುಗನ ತಂತ್ರಾಂಶದ ಗತಿ ಏನು?

ಇದಕ್ಕೆ ತಿಳಿದವರು ದಾರಿ ಹುಡುಕಿದ್ದಾರೆ. ಮೊಜಿಲ್ಲಾ ಸಂಸ್ಥೆಯ ಜಾಲ ಕೈಪಿಡಿಯಲ್ಲಿ ವಿವರಣೆಗೆ ಒಂದು ಪರವಾನಗಿ, ಮಾದರಿ ಕೋಡಿಗೆ ಬೇರೊಂದು. 2010ರ ಆಗಸ್ಟ್ 20ರಿಂದ ಸೇರಿದ ಮಾದರಿಗಳನ್ನು ಯಾವ ಷರತ್ತೂ ಇಲ್ಲದೆ ಸಾರ್ವಜನಿಕರಿಗೆ ಬಿಟ್ಟಿದ್ದಾರೆ. ಪೈಥಾನ್ ಭಾಷೆಯ ಕೈಪಿಡಿಯೂ 3.8.6ನೇ ಆವೃತ್ತಿಯಿಂದ ಮಾದರಿಗಳಿಗೆ ಇನ್ನೊಂದು ಪರವಾನಗಿ ಸೇರಿಸಿತು. ಅದರಲ್ಲಿ ಹೆಸರು ಹಾಕಬೇಕೆಂಬ ಕಟ್ಟಳೆಯೂ ಇಲ್ಲ.

ಹಾಗಂತ ಎಲ್ಲಕ್ಕೂ ಒಂದೇ ಅಳತೆ ಸಲ್ಲದು. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿದಾಗ, ಮೂಲ ಹೇಳಬೇಕು, ತಿದ್ದಿ ಬೆಳೆಸಿದ್ದನ್ನೂ ಹಾಗೇ ಹಂಚಬೇಕು ಎಂಬ ಷರತ್ತು ಇಟ್ಟಿತು. ದೊಡ್ಡ ಗ್ರಂಥಕ್ಕೆ ಅದು ತಕ್ಕದ್ದೇ. ನಾಲ್ಕು ಸಾಲಿನ ಮಾದರಿಗೆ ಅಷ್ಟು ಭಾರ ಬೇಡ.

ನಮ್ಮ ಗಡಿಭಾಗದಲ್ಲಿ ಕನ್ನಡ ಪಾಠದ ಸಾಮಗ್ರಿ ಸಿಗೋದೇ ಕಷ್ಟ. ಮೇಷ್ಟ್ರುಗಳು ಕಷ್ಟಪಟ್ಟು ಬರೆದ ಟಿಪ್ಪಣಿ, ಲೆಕ್ಕ, ಕಂಪ್ಯೂಟರ್ ಪಾಠ ಪಕ್ಕದ ಶಾಲೆಗೂ ತಲುಪದೆ ಬೀರುವಿನಲ್ಲೇ ಉಳಿಯುತ್ತೆ. ಮೊದಲ ಪುಟದಲ್ಲಿ ಒಂದು ಸಾಲು ಬರೆದಿಡಿ: ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಹಿಂದಿನವರದನ್ನು ಮುಟ್ಟಬಾರದು ಅಂತಿದ್ದಿದ್ದರೆ ಗುಮ್ಮಳಾಪುರದ ಹೆಸರಿನ ಶೂನ್ಯಸಂಪಾದನೆಯೇ ಇರುತ್ತಿರಲಿಲ್ಲ.